ನರನೋವಿನ ಮಾತ್ರೆ ಜೊತೆ ಮೆಗ್ನೀಸಿಯಂ: ಯಾವಾಗ, ಎಷ್ಟು, ಯಾರಿಗೆ ಬೇಡ

ಪಾದ ಉರಿ, ಬೆರಳ ತುದಿಯಲ್ಲಿ ಜುಮುಜುಮು, ರಾತ್ರಿ ಮಲಗಿದ ಮೇಲೆ ಸೂಜಿ ಚುಚ್ಚಿದ ಹಾಗೆ ನೋವು. ವರ್ಷಗಟ್ಟಲೆ ಶುಗರ್ ಇರುವವರಿಗೆ, ಸರ್ಪಸುತ್ತು ಬಂದು ಹೋದವರಿಗೆ, ಸಯಾಟಿಕಾ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಾಕ್ಟರು ಗ್ಯಾಬಾಪೆಂಟಿನ್ ಅಥವಾ ಪ್ರಿಗ್ಯಾಬಲಿನ್ ಬರೆದಿರುತ್ತಾರೆ. ಕೆಲವರಿಗೆ ಡ್ಯುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್ ಅಥವಾ ನಾರ್ಟ್ರಿಪ್ಟಿಲಿನ್. ಅಷ್ಟರಲ್ಲಿ ಯಾರೋ ಒಬ್ಬರು "ಮೆಗ್ನೀಸಿಯಂ ತಗೊಳ್ಳಿ, ನರಕ್ಕೆ ಒಳ್ಳೇದು" ಅನ್ನುತ್ತಾರೆ. ವಾಟ್ಸಾಪ್‌ಗೆ ಒಂದು ವಿಡಿಯೋ ಬರುತ್ತದೆ. ಇಲ್ಲವೇ ಅಮೆರಿಕದಿಂದ ಬಂದ ಮಗಳು ಸೂಟ್‌ಕೇಸಿನಿಂದ ದೊಡ್ಡ ಡಬ್ಬಿಯೊಂದನ್ನು ತೆಗೆದು "ಅಮ್ಮಾ, ಇದು ನಿನಗೆ" ಎಂದು ಮೇಜಿನ ಮೇಲೆ ಇಡುತ್ತಾಳೆ.

ತಗೋಬಹುದಾ? ಬಹಳ ಜನ ತಗೋಬಹುದು. ಆದರೆ ಕಿಡ್ನಿ ಹೇಗಿದೆ ಅಂತ ನೋಡಿಕೊಳ್ಳಬೇಕು, ಕೆಲವು ನರನೋವಿನ ಮಾತ್ರೆಗೂ ಇದಕ್ಕೂ ನಡುವೆ ಹೊತ್ತು ಬಿಡಬೇಕು. ಇನ್ನೊಂದು ಮಾತು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ: ನೀವು ಈಗಾಗಲೇ ಮೆಗ್ನೀಸಿಯಂ ತಗೋತಾ ಇರಬಹುದು, ಗೊತ್ತಿಲ್ಲದೆ. ಒಂದೊಂದಾಗಿ ನೋಡೋಣ.

ಮೊದಲು, ಎಷ್ಟು ಆಸೆ ಇಟ್ಟುಕೊಳ್ಳಬೇಕು

ಮೆಗ್ನೀಸಿಯಂಗೂ ನರಕ್ಕೂ ಸಂಬಂಧ ಇರುವುದು ನಿಜ. ನರಕೋಶಗಳ ಮೇಲೆ ನೋವಿನ ಸಂದೇಶವನ್ನು ಜೋರು ಮಾಡುವ ಎನ್‌ಎಂಡಿಎ ಎಂಬ ಒಂದು ಬಾಗಿಲು ಇದೆ. ಆ ಬಾಗಿಲಿಗೆ ಅಡ್ಡ ನಿಲ್ಲುವುದು ಮೆಗ್ನೀಸಿಯಂ. ವಿಡಿಯೋಗಳಲ್ಲಿ ಹೇಳುವುದು ಇದನ್ನೇ. ಆದರೆ ಬಾಯಿಂದ ನುಂಗಿದ ಮಾತ್ರೆ ಅಲ್ಲಿವರೆಗೂ ಹೋಗಿ ನೋವು ಇಳಿಸುತ್ತದಾ ಎಂಬುದು ಬೇರೆ ಪ್ರಶ್ನೆ. ಫ್ರಾನ್ಸ್‌ನಲ್ಲಿ ನರನೋವಿನ ರೋಗಿಗಳಿಗೆ ಒಂದು ತಿಂಗಳು ಮೆಗ್ನೀಸಿಯಂ ಕೊಟ್ಟು ನೋಡಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಔಷಧಿಯೇ ಇಲ್ಲದ ಬರೀ ಸುಳ್ಳು ಮಾತ್ರೆ ಕೊಟ್ಟ ಗುಂಪಿಗಿಂತ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವಯಸ್ಸಾದವರಿಗೆ ರಾತ್ರಿ ಕಾಲಿನ ಮಾಂಸಖಂಡ ಹಿಡಿದುಕೊಳ್ಳುವುದಕ್ಕೂ ಇದರಿಂದ ದೊಡ್ಡ ಲಾಭ ಇಲ್ಲ ಅಂತಲೇ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಹೇಳಿದ್ದಾರೆ.

ಹಾಗಾದರೆ ಯಾರಿಗೆ ಉಪಯೋಗ? ಮೈಯಲ್ಲಿ ನಿಜಕ್ಕೂ ಮೆಗ್ನೀಸಿಯಂ ಕಡಿಮೆ ಆಗಿರುವವರಿಗೆ. ಆ ಕೊರತೆಯಿಂದಲೇ ಜುಮುಜುಮು, ಮಾಂಸಖಂಡ ಹಿಡಿಯುವುದು ಬರಬಹುದು. ಅಂಥವರು ನಮ್ಮಲ್ಲಿ ಕಡಿಮೆ ಏನಿಲ್ಲ. ಗ್ಯಾಸ್ಟ್ರಿಕ್‌ಗೆ ಅಂತ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳನ್ನು ವರ್ಷಕ್ಕಿಂತ ಜಾಸ್ತಿ ನುಂಗುತ್ತಿರುವವರಲ್ಲಿ ಮೆಗ್ನೀಸಿಯಂ ಇಳಿಯಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಎಚ್ಚರಿಸಿತ್ತು. ಬಿಪಿಗೆ, ಕಾಲು ಊತಕ್ಕೆ ಕೊಡುವ ನೀರಿನ ಮಾತ್ರೆಗಳು (ಹೈಡ್ರೋಕ್ಲೋರೋಥಯಾಜೈಡ್, ಫ್ರುಸೆಮೈಡ್) ಮೂತ್ರದಲ್ಲಿ ಅದನ್ನು ಹೊರಗೆ ಹಾಕುತ್ತವೆ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೂ ಹಾಗೇ. ದಿನಾ ಕುಡಿಯುವ ಚಟ ಇದ್ದರೂ ಹಾಗೇ.

ಇನ್ನೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಳ್ಳುವವರಲ್ಲಿ ವಿಟಮಿನ್ ಬಿ12 ಇಳಿಯಬಹುದು. ಅದರಿಂದಲೂ ಪಾದ ಉರಿಯುತ್ತದೆ, ಜೋಮು ಹಿಡಿಯುತ್ತದೆ. ಮೆಗ್ನೀಸಿಯಂ ಡಬ್ಬಿ ಕೊಳ್ಳುವ ಮುಂಚೆ ಬಿ12 ಪರೀಕ್ಷೆ ಮಾಡಿಸಿದ್ದೀರಾ ಅಂತ ನೆನಪಿಸಿಕೊಳ್ಳಿ. ಮಾಡಿಸಿಲ್ಲದಿದ್ದರೆ ಆ ದುಡ್ಡು ಅದಕ್ಕೆ ಹೋಗಲಿ.

ಹೆಜ್ಜೆ 1: ಕಿಡ್ನಿ ರಿಪೋರ್ಟ್ ತೆಗೆದು ನೋಡಿ

ಇದನ್ನು ದಾಟಿಕೊಂಡು ಮುಂದೆ ಹೋಗಬೇಡಿ. ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ಎರಡೂ ಹೆಚ್ಚುಕಮ್ಮಿ ಹಾಗೇ ಕಿಡ್ನಿಯಿಂದ ಹೊರಗೆ ಹೋಗುವ ಔಷಧಿಗಳು. ಲಿವರ್ ಅವುಗಳನ್ನು ಒಡೆಯುವುದಿಲ್ಲ. ಮೈಗೆ ಜಾಸ್ತಿಯಾದ ಮೆಗ್ನೀಸಿಯಂ ಹೋಗುವ ದಾರಿಯೂ ಕಿಡ್ನಿಯೇ. ಶುಗರ್‌ನಿಂದ ನರ ಹಾಳಾದವರಲ್ಲಿ ಎಷ್ಟೋ ಜನರಿಗೆ ಕಿಡ್ನಿಗೂ ಪೆಟ್ಟು ಬಿದ್ದಿರುತ್ತದೆ, ಅದು ಹೊರಗೆ ಕಾಣಿಸುವುದೇ ಇಲ್ಲ.

ರಿಪೋರ್ಟ್‌ನಲ್ಲಿ ಕ್ರಿಯಾಟಿನಿನ್ ಒಂದನ್ನೇ ನೋಡಬೇಡಿ, ಕಿಡ್ನಿ ಎಷ್ಟು ಚೆನ್ನಾಗಿ ರಕ್ತ ಸೋಸುತ್ತಿದೆ ಅಂತ ಹೇಳುವ ಇಜಿಎಫ್‌ಆರ್ (eGFR) ಎಂಬ ಸಂಖ್ಯೆ ಹುಡುಕಿ. ತೆಳ್ಳಗಿರುವ, ವಯಸ್ಸಾದ ಅಜ್ಜಿಯ ಕ್ರಿಯಾಟಿನಿನ್ 1.2 ಇದ್ದರೆ "ಸ್ವಲ್ಪ ಜಾಸ್ತಿ ಅಷ್ಟೇ" ಅನ್ನಿಸುತ್ತದೆ. ಇಜಿಎಫ್‌ಆರ್ ಲೆಕ್ಕ ಹಾಕಿದರೆ 60ಕ್ಕಿಂತ ಕೆಳಗೇ ಬರುತ್ತದೆ. 60ಕ್ಕಿಂತ ಮೇಲಿದ್ದರೆ ಸಾಮಾನ್ಯ ಪ್ರಮಾಣದ ಮೆಗ್ನೀಸಿಯಂಗೆ ತೊಂದರೆ ಇಲ್ಲ. 30ರಿಂದ 60ರ ಮಧ್ಯೆ ಇದ್ದರೆ ಡಾಕ್ಟರನ್ನು ಕೇಳದೆ ಬೇಡ. ನರನೋವಿನ ಮಾತ್ರೆಯ ಡೋಸೂ ಅದಕ್ಕೆ ತಕ್ಕಂತೆ ಇಳಿಸಿದೆಯಾ ಅಂತ ಅದೇ ಭೇಟಿಯಲ್ಲಿ ಕೇಳಿ. 30ಕ್ಕಿಂತ ಕೆಳಗಿದ್ದರೆ ಮೆಗ್ನೀಸಿಯಂ ಸಪ್ಲಿಮೆಂಟ್ ಬೇಡವೇ ಬೇಡ. ಮಾಂಸಖಂಡಗಳ ಬಲ ಕುಂದಿಸುವ ಮಯಸ್ತೀನಿಯಾ ಗ್ರೇವಿಸ್ ಕಾಯಿಲೆ ಇರುವವರಿಗೆ, ಹಾರ್ಟ್ ಬ್ಲಾಕ್ (ರಕ್ತನಾಳದ ಬ್ಲಾಕ್ ಅಲ್ಲ, ಹೃದಯ ಬಡಿಸುವ ವಿದ್ಯುತ್ ಸಂದೇಶಕ್ಕೆ ತಡೆ) ಇದೆ ಎಂದು ಹೇಳಿಸಿಕೊಂಡವರಿಗೆ ಕೂಡ ಬೇಡ.

ರಕ್ತದಲ್ಲಿ ಮೆಗ್ನೀಸಿಯಂ ಎಷ್ಟಿದೆ ಎಂಬ ಪರೀಕ್ಷೆಯೂ ಇದೆ. ಸುಮಾರು 1.7ರಿಂದ 2.2 (mg/dL) ಇದ್ದರೆ ನಾರ್ಮಲ್ ಅಂತ ಬರುತ್ತದೆ, ಲ್ಯಾಬ್‌ನಿಂದ ಲ್ಯಾಬ್‌ಗೆ ಸ್ವಲ್ಪ ಆಚೀಚೆ. ಮೈಯಲ್ಲಿರುವ ಮೆಗ್ನೀಸಿಯಂನಲ್ಲಿ ರಕ್ತದಲ್ಲಿ ಓಡಾಡುವುದು ಶೇಕಡಾ 1ಕ್ಕಿಂತ ಕಡಿಮೆ. ಉಳಿದದ್ದು ಮೂಳೆ, ಮಾಂಸಖಂಡಗಳ ಒಳಗೆ. ಹಾಗಾಗಿ ಕಡಿಮೆ ಬಂದರೆ ನಂಬಿ. ನಾರ್ಮಲ್ ಬಂದರೆ ಕೊರತೆ ಇಲ್ಲವೇ ಇಲ್ಲ ಅಂತ ಖಚಿತ ಆಗುವುದಿಲ್ಲ.

ಹೆಜ್ಜೆ 2: ಅಡುಗೆಮನೆ ಶೆಲ್ಫಿನ ಮೇಲಿರುವ ಬಾಟಲಿಗಳನ್ನು ಕೆಳಗಿಳಿಸಿ

ನನ್ನ ಲೆಕ್ಕದಲ್ಲಿ ಈ ಲೇಖನದಲ್ಲಿ ಮುಖ್ಯವಾದದ್ದು ಇದೇ. ಸಪ್ಲಿಮೆಂಟ್ ಡಬ್ಬಿ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಎದೆ ಉರಿಗೆ ಕುಡಿಯುವ ಗುಲಾಬಿ ಬಣ್ಣದ ಔಷಧಿ ಬಗ್ಗೆ ಯಾರೂ ಯೋಚಿಸುವುದಿಲ್ಲ.

ಡೈಜೀನ್, ಜೆಲುಸಿಲ್ ಥರದ ಆಂಟಾಸಿಡ್‌ಗಳಲ್ಲಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಜೊತೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಇರುತ್ತದೆ. ಮಲಬದ್ಧತೆಗೆ ರಾತ್ರಿ ಕುಡಿಯುವ ಬಿಳಿ ಔಷಧಿಗಳಲ್ಲಿ ಹಲವು ಮಿಲ್ಕ್ ಆಫ್ ಮೆಗ್ನೀಸಿಯಾದಿಂದ ಮಾಡಿದವು. ಕ್ರೆಮಾಫಿನ್ ಅಂಥದ್ದೇ. ಸಾಮಾನ್ಯ ಮಿಲ್ಕ್ ಆಫ್ ಮೆಗ್ನೀಸಿಯಾದ 5 ಮಿ.ಲೀ.ನಲ್ಲಿ ಸುಮಾರು 400 ಮಿ.ಗ್ರಾಂ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಇರುತ್ತದೆ. ಅಂದರೆ ಮೂರು ಚಮಚ ಕುಡಿದರೆ ಹತ್ತಿರ ಹತ್ತಿರ 500 ಮಿ.ಗ್ರಾಂ ಶುದ್ಧ ಮೆಗ್ನೀಸಿಯಂ ಹೊಟ್ಟೆಗೆ ಹೋಯಿತು. ಅಮೆರಿಕದಿಂದ ಬಂದ ಡಬ್ಬಿಯ ಎರಡು ಮಾತ್ರೆಗಿಂತ ಜಾಸ್ತಿ!

ಈಗ ಒಂದು ಮನೆಯ ರಾತ್ರಿ ಒಂಬತ್ತೂವರೆಯನ್ನು ನೋಡಿ. ಅಜ್ಜನಿಗೆ ಗ್ಯಾಬಾಪೆಂಟಿನ್ ಮತ್ತು ನಾರ್ಟ್ರಿಪ್ಟಿಲಿನ್ ಸೇರಿದ ಮಾತ್ರೆ ಬರೆದಿದ್ದಾರೆ. ನಾರ್ಟ್ರಿಪ್ಟಿಲಿನ್‌ನಿಂದ ಬಾಯಿ ಒಣಗುತ್ತದೆ, ಹೊಟ್ಟೆ ಕಟ್ಟುತ್ತದೆ. ಹೊಟ್ಟೆ ಕಟ್ಟಿತು ಅಂತ ಬಿಳಿ ಔಷಧಿ ತಂದಿದ್ದಾರೆ. ಊಟ ಆದ ಮೇಲೆ ಮಾತ್ರೆ ನುಂಗಿ, ಅದರ ಹಿಂದೆಯೇ ಮೂರು ಚಮಚ ಔಷಧಿ ಕುಡಿದು ಮಲಗುತ್ತಾರೆ. ಆ ಮೆಗ್ನೀಸಿಯಂ ಗ್ಯಾಬಾಪೆಂಟಿನ್‌ನ ಒಂದು ಪಾಲನ್ನು ರಕ್ತಕ್ಕೆ ಸೇರಲು ಬಿಡುವುದಿಲ್ಲ. ರಾತ್ರಿ ಎರಡು ಗಂಟೆಗೆ ಪಾದ ಉರಿ ಶುರು. ಮುಂದಿನ ಭೇಟಿಯಲ್ಲಿ "ಮಾತ್ರೆ ಹಿಡೀತಾ ಇಲ್ಲ ಡಾಕ್ಟ್ರೇ" ಅನ್ನುತ್ತಾರೆ. ಡೋಸ್ ಏರುತ್ತದೆ. ಯಾವತ್ತೋ ಒಂದು ದಿನ ಬಿಳಿ ಔಷಧಿ ಖಾಲಿಯಾಗಿ ನಿಲ್ಲಿಸಿದರೆ, ಏರಿಸಿದ ಡೋಸ್ ಪೂರ್ತಿ ಮೈಗೆ ಹತ್ತುತ್ತದೆ. ಬೆಳಿಗ್ಗೆ ತಲೆ ಸುತ್ತಿ ಬಚ್ಚಲುಮನೆಯಲ್ಲಿ ಬೀಳುತ್ತಾರೆ. ಯಾರದ್ದೂ ತಪ್ಪು ಅಂತ ಹೇಳುವ ಹಾಗಿಲ್ಲ, ಬಾಟಲಿ ಮಾತ್ರೆಚೀಟಿಯಲ್ಲಿ ಇರಲೇ ಇಲ್ಲವಲ್ಲ.

ಆದ್ದರಿಂದ ಮನೆಯಲ್ಲಿರುವ ಪ್ರತಿಯೊಂದು ಆಂಟಾಸಿಡ್, ಮಲಬದ್ಧತೆಯ ಔಷಧಿ, ಕ್ಯಾಲ್ಸಿಯಂ ಮಾತ್ರೆ, ಮಲ್ಟಿವಿಟಮಿನ್‌ನ ಹಿಂಭಾಗ ಓದಿ. ಎಲ್ಲಿ "ಮೆಗ್ನೀಸಿಯಂ" ಅಂತ ಕಾಣುತ್ತದೋ ಅದನ್ನೆಲ್ಲ ಒಂದು ಚೀಟಿಯಲ್ಲಿ ಬರೆಯಿರಿ. ಹೊಟ್ಟೆ ಕಟ್ಟಿದ್ದಕ್ಕೆ ದಿನಾ ಔಷಧಿ ಬೇಕೇ ಬೇಕು ಅನ್ನುವವರು ಲ್ಯಾಕ್ಟುಲೋಸ್ ಥರದ ಮೆಗ್ನೀಸಿಯಂ ಇಲ್ಲದ್ದು ಆಗುತ್ತದಾ ಅಂತ ಡಾಕ್ಟರನ್ನು ಕೇಳಬಹುದು.

ಹೆಜ್ಜೆ 3: ನಿಮ್ಮದು ಯಾವ ಮಾತ್ರೆ?

ಎಲ್ಲ ನರನೋವಿನ ಮಾತ್ರೆಗೂ ಒಂದೇ ನಿಯಮ ಇಲ್ಲ.

ಗ್ಯಾಬಾಪೆಂಟಿನ್ ಆದರೆ ಹುಷಾರು. ಇದು ಸಣ್ಣಕರುಳಿನ ಮೇಲ್ಭಾಗದಲ್ಲಿ ಒಂದು ಕಿರಿದಾದ ದಾರಿಯಿಂದಲೇ ರಕ್ತಕ್ಕೆ ಹೋಗಬೇಕು. ಒಂದೇ ಸಲ ಜಾಸ್ತಿ ನುಂಗಿದರೆ ಅಷ್ಟೂ ಒಳಗೆ ಹೋಗುವುದಿಲ್ಲ. ದಿನಕ್ಕೆ ಒಟ್ಟು 900 ಮಿ.ಗ್ರಾಂ ಅನ್ನು ಮೂರು ಭಾಗ ಮಾಡಿ ತಗೊಂಡರೆ ಸುಮಾರು ಶೇಕಡಾ 60 ಮೈಗೆ ಸೇರುತ್ತದೆ, 2400 ಮಿ.ಗ್ರಾಂ ಆದರೆ ಶೇಕಡಾ 34 ಮಾತ್ರ. ಡಾಕ್ಟರು ದಿನಕ್ಕೆ ಮೂರು ಹೊತ್ತು ಬರೆಯುವುದಕ್ಕೆ ಇದೂ ಒಂದು ಕಾರಣ. ಅಲ್ಯೂಮಿನಿಯಂ-ಮೆಗ್ನೀಸಿಯಂ ಆಂಟಾಸಿಡ್ ಜೊತೆಗೆ ತಗೊಂಡರೆ ಮೈಗೆ ಸೇರುವುದರಲ್ಲಿ ಇನ್ನೂ ಸುಮಾರು ಶೇಕಡಾ 20 ಕಡಿತ. ಆಂಟಾಸಿಡ್ ಆದ ಎರಡು ಗಂಟೆ ಬಿಟ್ಟು ಗ್ಯಾಬಾಪೆಂಟಿನ್ ತಗೊಂಡರೆ ಆ ಕಡಿತ ಶೇಕಡಾ 5ಕ್ಕೆ ಇಳಿಯುತ್ತದೆ. ಎರಡು ಗಂಟೆ ನಿಯಮ ಬಂದಿದ್ದು ಇಲ್ಲಿಂದ. ಔಷಧಿಯ ಪೊಟ್ಟಣದೊಳಗಿನ ಸಣ್ಣ ಅಕ್ಷರದ ಹಾಳೆಯಲ್ಲೂ ಇದೇ ಇರುತ್ತದೆ, ನಾವು ಯಾರೂ ಬಿಚ್ಚಿ ಓದುವುದಿಲ್ಲ ಅಷ್ಟೆ.

ಪ್ರಿಗ್ಯಾಬಲಿನ್ ಶೇಕಡಾ 90ರಷ್ಟು ಮೈಗೆ ಸೇರುವಂಥದ್ದು, ಈ ರಗಳೆ ಅದಕ್ಕೆ ಅಷ್ಟಾಗಿ ಇಲ್ಲ. ಡ್ಯುಲಾಕ್ಸೆಟಿನ್‌ಗೂ ಆಂಟಾಸಿಡ್‌ನಿಂದ ಹೇಳುವಂಥ ಅಡ್ಡಿ ಇಲ್ಲ, ಕ್ಯಾಪ್ಸೂಲ್ ಬಿಚ್ಚದೆ, ಅಗಿಯದೆ ಹಾಗೇ ನುಂಗಬೇಕು ಅಷ್ಟೆ. ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್ ತಗೊಳ್ಳುವವರು ನಿದ್ದೆ ಮಂಪರಿನ ಕಡೆ ಗಮನ ಇಟ್ಟರೆ ಸಾಕು. ಕಾಂಬಿನೇಷನ್ ಮಾತ್ರೆ ಆಗಿದ್ದರೆ ಮಾತ್ರ ಅದರೊಳಗೆ ಗ್ಯಾಬಾಪೆಂಟಿನ್ ಇದೆಯಾ ನೋಡಿ. ಇದ್ದರೆ ಎರಡು ಗಂಟೆ ನಿಯಮ ನಿಮಗೂ ಅನ್ವಯ.

ಹೆಜ್ಜೆ 4: ಡಬ್ಬಿಯ ಮೇಲಿನ ದೊಡ್ಡ ಅಂಕಿಯನ್ನು ನಂಬಬೇಡಿ

ಡಬ್ಬಿಯ ಮುಂದೆ "ಮೆಗ್ನೀಸಿಯಂ ಗ್ಲೈಸಿನೇಟ್ 1000 ಮಿ.ಗ್ರಾಂ" ಅಂತ ಇದೆ ಅಂದುಕೊಳ್ಳಿ. ಅದು ಪೂರ್ತಿ ಸಂಯುಕ್ತದ ತೂಕ. ಅದರಲ್ಲಿ ಮೆಗ್ನೀಸಿಯಂ ಇರುವುದು ಸುಮಾರು ಶೇಕಡಾ 14, ಅಂದರೆ 140 ಮಿ.ಗ್ರಾಂ. ಆಕ್ಸೈಡ್ ಆದರೆ ಶೇಕಡಾ 60, 500 ಮಿ.ಗ್ರಾಂ ಮಾತ್ರೆಯಲ್ಲಿ 300 ಮಿ.ಗ್ರಾಂ ಮೆಗ್ನೀಸಿಯಂ. ಸಿಟ್ರೇಟ್‌ನಲ್ಲಿ ಶೇಕಡಾ 16 ಅಂತ ಹಿಡಿಯಬಹುದು. ಬೇಕಾಗಿರುವುದು "ಎಲಿಮೆಂಟಲ್" ಎಂದು ಬರೆದಿರುವ ಅಂಕಿ.

ವಿದೇಶದ ಡಬ್ಬಿಯಲ್ಲಿ ಇನ್ನೊಂದು ಮೋಸಹೋಗುವ ಜಾಗ ಇದೆ. ಹಿಂದಿನ ಪಟ್ಟಿಯ ಮೇಲ್ಭಾಗದಲ್ಲಿ ಸಣ್ಣದಾಗಿ "ಸರ್ವಿಂಗ್ ಸೈಜ್" ಅಂತ ಇರುತ್ತದೆ. ಅಲ್ಲಿ ಎರಡು ಅಥವಾ ಮೂರು ಮಾತ್ರೆ ಅಂತ ಬರೆದಿದ್ದರೆ, ಕೆಳಗಿನ ಅಂಕಿ ಅಷ್ಟೂ ಮಾತ್ರೆ ಸೇರಿ. ಒಂದು ಮಾತ್ರೆಗೆ ಎಷ್ಟು ಅಂತ ನೀವೇ ಭಾಗಿಸಿಕೊಳ್ಳಬೇಕು.

ಸಪ್ಲಿಮೆಂಟ್‌ನಿಂದ ದಿನಕ್ಕೆ 350 ಮಿ.ಗ್ರಾಂ ದಾಟಬಾರದು ಎಂಬುದು ಅಮೆರಿಕದ ಲೆಕ್ಕ, ಯುರೋಪಿನವರು 250ಕ್ಕೇ ನಿಲ್ಲಿಸುತ್ತಾರೆ. ನರನೋವಿನ ಮಾತ್ರೆ ತಗೊಳ್ಳುವವರು, ಅದರಲ್ಲೂ ಅರವತ್ತು ದಾಟಿದವರು, ಯುರೋಪಿನ ಲೆಕ್ಕ ಹಿಡಿಯುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಊಟದಲ್ಲಿ ಬರುವ ಮೆಗ್ನೀಸಿಯಂಗೆ ಈ ಮಿತಿ ಇಲ್ಲ.

ಯಾವ ಬಗೆ ಒಳ್ಳೇದು? ಆಕ್ಸೈಡ್ ಅಗ್ಗ, ಆದರೆ ಮೈಗೆ ಸೇರುವುದು ಕಡಿಮೆ, ಹೊಟ್ಟೆ ಸಡಿಲ ಮಾಡುವುದು ಜಾಸ್ತಿ. ಸಿಟ್ರೇಟ್ ಚೆನ್ನಾಗಿ ಸೇರುತ್ತದೆ, ಅದೂ ಸ್ವಲ್ಪ ಭೇದಿ ಮಾಡಿಸುತ್ತದೆ. ಗ್ಲೈಸಿನೇಟ್ ಹೊಟ್ಟೆಗೆ ಮೆತ್ತಗೆ, ಬೆಲೆ ಜಾಸ್ತಿ. ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುವ ವಿಷಯ ಇದಲ್ಲ.

ತಲೆ ಕೆಡಿಸಿಕೊಳ್ಳಬೇಕಾದ್ದು ಬಿ6. ಎಷ್ಟೋ ಮೆಗ್ನೀಸಿಯಂ ಮಾತ್ರೆಗಳಲ್ಲಿ ಪಿರಿಡಾಕ್ಸಿನ್ ಅಂದರೆ ವಿಟಮಿನ್ ಬಿ6 ಸೇರಿಸಿರುತ್ತಾರೆ. ನಮ್ಮಲ್ಲಿ ನರಕ್ಕೆ ಅಂತ ಬರೆಯುವ ಮೀಥೈಲ್‌ಕೋಬಾಲಮಿನ್ ಕಾಂಬಿನೇಷನ್‌ಗಳಲ್ಲೂ ಅದು ಇರುವುದುಂಟು. ಜೊತೆಗೆ ಒಂದು ಮಲ್ಟಿವಿಟಮಿನ್. ಮೂರೂ ಕೂಡಿ ಬಿ6 ಬೆಟ್ಟದಷ್ಟಾಗುತ್ತದೆ. ತಿಂಗಳುಗಟ್ಟಲೆ ಜಾಸ್ತಿ ಬಿ6 ತಗೊಂಡರೆ ನರವೇ ಹಾಳಾಗಿ ಕೈಕಾಲು ಜೋಮು ಹಿಡಿಯುತ್ತದೆ. ನರನೋವಿಗೆ ತಗೊಂಡ ಮಾತ್ರೆಯೇ ನರನೋವು ತರುವುದು ಅಂದರೆ ಇದೇ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಬಿ6 ಮಿತಿಯನ್ನು ದಿನಕ್ಕೆ 12 ಮಿ.ಗ್ರಾಂಗೆ ಇಳಿಸಿತು. ನಿಮ್ಮ ಎಲ್ಲ ಸ್ಟ್ರಿಪ್‌ಗಳ ಬಿ6 ಕೂಡಿಸಿ ನೋಡಿ. ದಿನಕ್ಕೆ ಹತ್ತಾರು ಮಿ.ಗ್ರಾಂ ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ, ಮೆಗ್ನೀಸಿಯಂ ಬೇಕೆಂದರೆ ಬಿ6 ಇಲ್ಲದ್ದನ್ನೇ ಕೊಳ್ಳಿ.

ಹೆಜ್ಜೆ 5: ಹೊತ್ತು ಹೊಂದಿಸಿ

ಗ್ಯಾಬಾಪೆಂಟಿನ್ ಮೂರು ಹೊತ್ತು ತಗೊಳ್ಳುವವರಿಗೆ ಸುಲಭದ ಜಾಗ ಸಂಜೆ ಐದು ಗಂಟೆ, ಕಾಫಿ ಜೊತೆ ಏನಾದರೂ ತಿನ್ನುವ ಹೊತ್ತು. ಬೆಳಿಗ್ಗೆ ಎಂಟು, ಮಧ್ಯಾಹ್ನ ಎರಡು, ರಾತ್ರಿ ಒಂಬತ್ತೂವರೆಗೆ ಗ್ಯಾಬಾಪೆಂಟಿನ್ ಇದ್ದರೆ ಐದು ಗಂಟೆಗೆ ಹಿಂದೆಯೂ ಮುಂದೆಯೂ ಬೇಕಾದಷ್ಟು ಅಂತರ ಸಿಗುತ್ತದೆ. ಖಾಲಿ ಹೊಟ್ಟೆಯಲ್ಲಿ ಬೇಡ, ಹೊಟ್ಟೆ ತೊಳಸುತ್ತದೆ. ಎರಡು ಬಿಸ್ಕತ್ತೋ ಒಂದು ಹಿಡಿ ಚುರುಮುರಿಯೋ ಇದ್ದರೂ ಸಾಕು.

ಮೆಗ್ನೀಸಿಯಂ ನಿದ್ದೆಗೆ ಒಳ್ಳೇದು ಅಂತ ರಾತ್ರಿಯೇ ತಗೋಬೇಕು ಅನ್ನುವವರು ಇದ್ದಾರೆ. ಹಾಗಾದರೆ ಏಳೂವರೆಗೆ ಊಟದ ಜೊತೆ ಮೆಗ್ನೀಸಿಯಂ, ಮಲಗುವ ಮುಂಚೆ ಹತ್ತು ಗಂಟೆಗೆ ಗ್ಯಾಬಾಪೆಂಟಿನ್. ಮೊದಲು ಮೆಗ್ನೀಸಿಯಂ, ಎರಡು ಗಂಟೆ ಬಿಟ್ಟು ಗ್ಯಾಬಾಪೆಂಟಿನ್, ಈ ಕ್ರಮವೇ ಇರಲಿ. ಆದರೆ ನಮ್ಮ ಮನೆಗಳಲ್ಲಿ ರಾತ್ರಿ ಊಟ ಯಾವಾಗ ಅಂತ ಸೀರಿಯಲ್ ನೋಡಿ ತೀರ್ಮಾನ ಆಗುತ್ತದೆ, ಸಂಜೆ ಐದೇ ವಾಸಿ.

ಬೇರೆ ಮಾತ್ರೆಗಳ ಕಥೆಯೂ ಇದೆ. ಥೈರಾಯ್ಡ್ ಮಾತ್ರೆಗೂ ಮೆಗ್ನೀಸಿಯಂಗೂ ನಾಲ್ಕು ಗಂಟೆ ಅಂತರ ಬೇಕು. ಬೆಳಿಗ್ಗೆ ಆರಕ್ಕೆ ಅದನ್ನು ತಗೊಂಡು ಸಂಜೆ ಇದನ್ನು ತಗೊಂಡರೆ ಸಮಸ್ಯೆಯೇ ಇಲ್ಲ. ಸಿಪ್ರೋಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ಥರದ ಆಂಟಿಬಯೋಟಿಕ್ ಐದು ದಿನ ಕೊಟ್ಟರೆ, ಆ ಐದು ದಿನ ಮೆಗ್ನೀಸಿಯಂ ನಿಲ್ಲಿಸಿಬಿಡುವುದು ಸುಲಭ.

ಹೆಜ್ಜೆ 6: ಒಂದೇ ಸಲ ಎರಡು ಹೊಸದನ್ನು ಶುರು ಮಾಡಬೇಡಿ

ನರನೋವಿನ ಮಾತ್ರೆ ಹೊಸದಾಗಿ ಶುರುವಾಗಿದ್ದರೆ ಅಥವಾ ಡೋಸ್ ಬದಲಾಗುತ್ತಿದ್ದರೆ ಮೊದಲು ಅದು ಒಂದು ಹಂತಕ್ಕೆ ನಿಲ್ಲಲಿ. ಡ್ಯುಲಾಕ್ಸೆಟಿನ್ ಶುರುವಿನಲ್ಲಿ ವಾಕರಿಕೆ, ಭೇದಿ ಮಾಮೂಲು. ಅದೇ ವಾರ ಮೆಗ್ನೀಸಿಯಂ ಶುರು ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಆಮೇಲೆ 100 ಮಿ.ಗ್ರಾಂ ಆಸುಪಾಸಿನಿಂದ ಶುರು ಮಾಡಿ, ಎರಡು ವಾರ ನೋಡಿ, ಬೇಕೆನಿಸಿದರೆ ಏರಿಸಿ. ಭೇದಿ ಶುರುವಾದರೆ ಜಾಸ್ತಿಯಾಯಿತು ಅಂತ ಹೊಟ್ಟೆಯೇ ಹೇಳಿದ ಹಾಗೆ.

ಕಷ್ಟ ಇರುವುದು ಇನ್ನೊಂದು ಕಡೆ. ಮೆಗ್ನೀಸಿಯಂ ಮೈಯಲ್ಲಿ ಏರಿದರೆ ಮಂಪರು, ಸುಸ್ತು, ಕೈಕಾಲು ಬಲ ಇಲ್ಲದ ಹಾಗೆ, ಬಿಪಿ ಇಳಿಯುವುದು. ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ಜಾಸ್ತಿಯಾದರೂ ಮಂಪರು, ತಲೆಸುತ್ತು. "ಮಾತ್ರೆ ಮಂಪರು ಬಿಡು" ಅಂತ ಮನೆಯವರು ಸುಮ್ನೆ ಇದ್ದುಬಿಡುತ್ತಾರೆ. ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಉಸಿರು ನಿಧಾನ ಆದರೆ, ನಾಡಿ ತೀರಾ ನಿಧಾನ ಆದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಎಲ್ಲ ಡಬ್ಬಿ, ಸ್ಟ್ರಿಪ್ ಒಂದು ಚೀಲಕ್ಕೆ ಹಾಕಿಕೊಂಡೇ ಹೋಗಿ. ಆಸ್ತಮಾ, ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರು, ಟ್ರಮಡಾಲ್‌ನಂಥ ನೋವಿನ ಮಾತ್ರೆಯೂ ತಗೊಳ್ಳುವವರು ಇನ್ನೂ ಹುಷಾರು. ಇಂಥವರಲ್ಲಿ ಗ್ಯಾಬಾಪೆಂಟಿನ್ ಗುಂಪಿನ ಔಷಧಿಗಳಿಂದ ಉಸಿರಾಟಕ್ಕೆ ತೊಂದರೆ ಆಗಬಹುದು ಎಂದು 2019ರಲ್ಲಿ ಎಚ್ಚರಿಕೆ ಬಂದಿದೆ.

ಮೆಗ್ನೀಸಿಯಂನಿಂದ ಸ್ವಲ್ಪ ಹಾಯೆನಿಸಿತು ಅಂತ ನರನೋವಿನ ಮಾತ್ರೆಯನ್ನು ದಿಢೀರ್ ಬಿಡಬೇಡಿ. ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ನಿಲ್ಲಿಸುವುದಾದರೆ ಕನಿಷ್ಠ ಒಂದು ವಾರ ತಗೊಂಡು ಇಳಿಸುತ್ತಾ ಬರಬೇಕು, ಡ್ಯುಲಾಕ್ಸೆಟಿನ್ ಕೂಡ ನಿಧಾನಕ್ಕೆ. ಹೇಗೆ ಇಳಿಸಬೇಕು ಅಂತ ಬರೆದ ಡಾಕ್ಟರೇ ಹೇಳಲಿ.

ಮಾತ್ರೆ ಬಿಟ್ಟು ಬೇರೆ ದಾರಿ

ಎಪ್ಸಮ್ ಉಪ್ಪು ಹಾಕಿದ ಬಿಸಿನೀರಲ್ಲಿ ಕಾಲು ಇಡುವುದು ಈಗ ಜಾಸ್ತಿ ಪ್ರಚಾರದಲ್ಲಿದೆ. ಅದು ಮೆಗ್ನೀಸಿಯಂ ಸಲ್ಫೇಟ್. ಚರ್ಮದಿಂದ ಒಳಗೆ ಹೋಗುವುದು ಏನೇನೂ ಸಾಲದು. ಶುಗರ್‌ನಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಇದು ಅಪಾಯ, ನೀರು ಎಷ್ಟು ಬಿಸಿ ಅಂತ ಪಾದಕ್ಕೆ ಗೊತ್ತಾಗುವುದಿಲ್ಲ. ಬೊಬ್ಬೆ ಎದ್ದು, ಹುಣ್ಣಾಗಿ, ತಿಂಗಳುಗಟ್ಟಲೆ ಡ್ರೆಸಿಂಗ್ ಮಾಡಿಸುವ ಹಾಗಾಗುತ್ತದೆ. ಇಡಲೇಬೇಕೆಂದರೆ ಮೊಣಕೈಯಿಂದ ನೀರು ಮುಟ್ಟಿ ನೋಡಿ, ಅಥವಾ ಮನೆಯಲ್ಲಿ ಬೇರೆಯವರಿಗೆ ಮುಟ್ಟಿ ನೋಡಲು ಹೇಳಿ.

ಊಟದಿಂದ ಮೆಗ್ನೀಸಿಯಂ ಪಡೆಯುವುದಕ್ಕೆ ನಮ್ಮ ಅಡುಗೆಯಲ್ಲಿ ಕೊರತೆಯೇ ಇಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 140 ಮಿ.ಗ್ರಾಂ ಇದೆ. ಹುರುಳಿ, ಹೆಸರುಕಾಳು, ಎಳ್ಳು, ಕಡಲೆಕಾಯಿ, ಕುಂಬಳ ಬೀಜ, ಸೊಪ್ಪು, ಎಲ್ಲದರಲ್ಲೂ ಧಾರಾಳ. ಮಧ್ಯಾಹ್ನ ಮುದ್ದೆ, ಹುರುಳಿ ಸಾರು, ಸಂಜೆ ಒಂದು ಹಿಡಿ ಕಡಲೆಕಾಯಿ ಅಂದರೆ ದಿನದ ಅಗತ್ಯದಲ್ಲಿ ದೊಡ್ಡ ಪಾಲು ಬಂದ ಹಾಗೆ. ಊಟದ ಮೆಗ್ನೀಸಿಯಂಗೆ ಎರಡು ಗಂಟೆ ಲೆಕ್ಕ ಹಾಕಬೇಕಾಗಿಲ್ಲ, ಗ್ಯಾಬಾಪೆಂಟಿನ್ ಅನ್ನು ಊಟದ ಜೊತೆಯೂ ತಗೋಬಹುದು. ಬಿಳಿ ಅನ್ನ, ಮೈದಾ ಪರೋಟ ತಿಂದುಕೊಂಡು ಅಮೆರಿಕದ ಡಬ್ಬಿ ನುಂಗುವುದರಲ್ಲಿ ಅರ್ಥ ಇಲ್ಲ ಅಲ್ವಾ? ಕಿಡ್ನಿ ತೊಂದರೆ ಇದ್ದು ಡಾಕ್ಟರು ಪಥ್ಯ ಹೇಳಿರುವವರು ಮಾತ್ರ ಅದನ್ನೇ ಪಾಲಿಸಿ.

ಹೆಜ್ಜೆ 7: ಎರಡು ತಿಂಗಳಿಗೆ ಒಂದು ತೀರ್ಮಾನ

ಕ್ಯಾಲೆಂಡರ್‌ನ ಪ್ರತಿ ದಿನದ ಚೌಕದಲ್ಲಿ ರಾತ್ರಿಯ ನೋವಿಗೆ ಹತ್ತಕ್ಕೆ ಎಷ್ಟು ಅಂತ ಒಂದು ಅಂಕಿ ಬರೆಯಿರಿ. ಶುರು ಮಾಡುವ ಒಂದು ವಾರ ಮುಂಚಿನಿಂದಲೇ ಬರೆದರೆ ಹೋಲಿಸಲು ಆಗುತ್ತದೆ. ಎರಡು ತಿಂಗಳಾದ ಮೇಲೆ ಅಂಕಿ ಇಳಿದಿಲ್ಲವೆಂದರೆ, ಕೊರತೆ ಇದೆ ಅಂತ ಡಾಕ್ಟರು ಹೇಳಿರದಿದ್ದರೆ, ನಿಲ್ಲಿಸಿ. ಇದನ್ನು ನಿಧಾನಕ್ಕೆ ಇಳಿಸಬೇಕಾಗಿಲ್ಲ. ಮುಂದುವರಿಸುವವರು ಆರು ತಿಂಗಳಿಗೊಮ್ಮೆ ಶುಗರ್ ಪರೀಕ್ಷೆ ಮಾಡಿಸುವಾಗ ಕ್ರಿಯಾಟಿನಿನ್, ಇಜಿಎಫ್‌ಆರ್ ಕೂಡ ಸೇರಿಸಿ. ವಾಂತಿ-ಭೇದಿ ಆಗಿ ಮೈ ಒಣಗಿದ ದಿನಗಳಲ್ಲಿ ಮೆಗ್ನೀಸಿಯಂ ಮುಟ್ಟಬೇಡಿ, ಆಗ ಕಿಡ್ನಿ ದಿಢೀರನೆ ಸೋಲಬಹುದು. ಆಪರೇಷನ್ ಇದ್ದರೆ ಅರಿವಳಿಕೆ ಕೊಡುವ ಡಾಕ್ಟರಿಗೆ ಇದನ್ನು ತಗೊಳ್ಳುತ್ತಿದ್ದೀರಿ ಎಂದು ಮುಂಚೆಯೇ ಹೇಳಿ. ಆಗ ಕೊಡುವ ಮಾಂಸಖಂಡ ಸಡಿಲಿಸುವ ಔಷಧಿಗಳ ಪರಿಣಾಮವನ್ನು ಮೆಗ್ನೀಸಿಯಂ ಹೆಚ್ಚಿಸುತ್ತದೆ.